ಬಿಸಿಲಿದ್ದರೂ ಕಡಲು ಕೆರಳಬಹುದು: ಅಲೆ, ಗಾಳಿ, ಉಬ್ಬರ-ಇಳಿತದ ದೈನಂದಿನ ಮುನ್ಸೂಚನೆ ಓದುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಹೈದರಾಬಾದ್: ಕಡಲ ತೀರಕ್ಕೆ ಹೊರಡುವ ಮುನ್ನ ಬಹುತೇಕರು ನೋಡುವುದು ಮಳೆ ಬರುತ್ತದೆಯೇ, ಇಲ್ಲವೇ ಎಂಬುದನ್ನು ಮಾತ್ರ. ಮಳೆ ಇಲ್ಲ ಎಂದರೆ ಸಮುದ್ರವೂ ಶಾಂತವಾಗಿದೆ ಎಂದುಕೊಳ್ಳುತ್ತಾರೆ. ಈ ಲೆಕ್ಕಾಚಾರ ಹಲವು ಬಾರಿ ಜೀವಕ್ಕೇ ಕುತ್ತು ತಂದಿದೆ.

2024ರ ಮೇ 6ರಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚ್‌ನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಲುಕಿ ಮೃತಪಟ್ಟರು. ಆ ದಿನಗಳಲ್ಲಿ ಕೇರಳ ಮತ್ತು ದಕ್ಷಿಣ ತಮಿಳುನಾಡು ಕರಾವಳಿಗೆ ದೂರದ ಸಾಗರದಿಂದ ಭಾರಿ ಅಲೆಗಳು ಬರಲಿವೆ ಎಂಬ ಎಚ್ಚರಿಕೆ ಇತ್ತು. ಅದೇ ವರ್ಷದ ಡಿಸೆಂಬರ್ 10ರಂದು ಉತ್ತರ ಕನ್ನಡದ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ.

ಮೀನುಗಾರರು ಮತ್ತು ಸರ್ಫರ್‌ಗಳು ಸಮುದ್ರಕ್ಕಿಳಿಯುವ ಮೊದಲು ಆಕಾಶದ ಜೊತೆಗೆ ಇನ್ನೂ ನಾಲ್ಕು ಸಂಗತಿ ನೋಡುತ್ತಾರೆ. ಅಲೆಯ ಎತ್ತರ, ಒಂದು ಅಲೆಗೂ ಮತ್ತೊಂದಕ್ಕೂ ನಡುವಿನ ಸಮಯ, ಗಾಳಿಯ ದಿಕ್ಕು ಮತ್ತು ಉಬ್ಬರ-ಇಳಿತದ ವೇಳೆ. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ ಮಾತ್ರ ಕಡಲಿನ ನಿಜವಾದ ಸ್ಥಿತಿ ತಿಳಿಯುತ್ತದೆ. ಈ ಮಾಹಿತಿಯೆಲ್ಲ ಉಚಿತವಾಗಿ ಸಿಗುತ್ತದೆ. ಅದನ್ನು ಓದುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮುನ್ಸೂಚನೆ ಬರುವುದು ಎಲ್ಲಿಂದ?

ಭಾರತದ ಕಡಲಿನ ದೈನಂದಿನ ಮುನ್ಸೂಚನೆ ಸಿದ್ಧವಾಗುವುದು ಸಮುದ್ರವೇ ಇಲ್ಲದ ಹೈದರಾಬಾದ್‌ನಲ್ಲಿ. ನಗರದ ಪ್ರಗತಿ ನಗರದಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯಿಸ್, ಈ ಕೆಲಸ ಮಾಡುತ್ತದೆ. 1999ರಲ್ಲಿ ಆರಂಭವಾದ ಈ ಸಂಸ್ಥೆ ಕೇಂದ್ರ ಭೂ ವಿಜ್ಞಾನ ಸಚಿವಾಲಯದ ಅಧೀನದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿ ದುರಂತದ ಬಳಿಕ, 2007ರಲ್ಲಿ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಇಲ್ಲೇ ಸ್ಥಾಪನೆಯಾಯಿತು. ಮೀನು ಹೆಚ್ಚಾಗಿ ಸಿಗಬಹುದಾದ ಪ್ರದೇಶಗಳ ಮಾಹಿತಿಯನ್ನು ಮೀನುಗಾರರಿಗೆ ನೀಡುವುದೂ ಇದೇ ಸಂಸ್ಥೆ.

ಉಪಗ್ರಹಗಳು, ಸಮುದ್ರದಲ್ಲಿ ತೇಲಿಬಿಟ್ಟಿರುವ ಬಾಯ್‌ಗಳು ಮತ್ತು ಹವಾಮಾನ ಮಾದರಿಗಳಿಂದ ಬರುವ ಗಾಳಿಯ ಅಂಕಿ-ಅಂಶಗಳನ್ನು ಕಂಪ್ಯೂಟರ್ ಮಾದರಿಗೆ ಹಾಕಿ, ಮುಂದಿನ ಕೆಲವು ದಿನಗಳಲ್ಲಿ ಎಲ್ಲಿ ಎಷ್ಟು ಎತ್ತರದ ಅಲೆ ಬರಲಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಅಲೆ ಅಳೆಯುವ ಇಂಥ ಬಾಯ್‌ಗಳಲ್ಲಿ ಒಂದು ನಮ್ಮ ಕಾರವಾರದ ಸಮುದ್ರದಲ್ಲಿದೆ. ಇನ್‌ಕಾಯಿಸ್ ಜಾಲತಾಣ ಮತ್ತು 'ಸಮುದ್ರ' ಎಂಬ ಮೊಬೈಲ್ ಆ್ಯಪ್‌ನಲ್ಲಿ ಈ ಮಾಹಿತಿ ಲಭ್ಯ.

ಗಾಳಿ, ಮಳೆ, ಸಿಡಿಲು ಮತ್ತು ಚಂಡಮಾರುತದ ಎಚ್ಚರಿಕೆ ನೀಡುವುದು ಭಾರತೀಯ ಹವಾಮಾನ ಇಲಾಖೆ. ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳು ಹಾಗೂ ಮೀನುಗಾರರಿಗೆ ನೀಡುವ ಸೂಚನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಇನ್ನು ಉಬ್ಬರ-ಇಳಿತದ ವಾರ್ಷಿಕ ಕೋಷ್ಟಕವನ್ನು ಪ್ರಕಟಿಸುವುದು ಸರ್ವೆ ಆಫ್ ಇಂಡಿಯಾ. ಮೊಬೈಲ್‌ನಲ್ಲಿರುವ ಹವಾಮಾನದ ಆ್ಯಪ್ 'ಬಿಸಿಲು, 31 ಡಿಗ್ರಿ' ಎಂದು ತೋರಿಸಿದರೆ ಅದು ಗಾಳಿ-ಮಳೆಯ ಸುದ್ದಿ ಮಾತ್ರ. ಅಲೆಯ ಸುದ್ದಿಯನ್ನು ಬೇರೆಯಾಗಿಯೇ ನೋಡಬೇಕು.

ಬುಲೆಟಿನ್‌ನಲ್ಲಿರುವ ಸ್ಥಳ ಮತ್ತು ಸಮಯ

ಕರ್ನಾಟಕದ ಕರಾವಳಿಗೆ ಸಂಬಂಧಿಸಿದ ಅಲೆ ಎಚ್ಚರಿಕೆಗಳಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ. ಉತ್ತರ ಕನ್ನಡಕ್ಕೆ ಮಾಜಾಳಿಯಿಂದ ಭಟ್ಕಳದವರೆಗೆ, ಉಡುಪಿಗೆ ಬೈಂದೂರಿನಿಂದ ಕಾಪುವಿನವರೆಗೆ, ದಕ್ಷಿಣ ಕನ್ನಡಕ್ಕೆ ಮೂಲ್ಕಿಯಿಂದ ಮಂಗಳೂರಿನವರೆಗೆ. ನೀವು ಹೋಗುತ್ತಿರುವುದು ಗೋಕರ್ಣಕ್ಕಾದರೆ ಮೊದಲನೆಯದನ್ನು, ಮಲ್ಪೆಗಾದರೆ ಎರಡನೆಯದನ್ನು, ಸಸಿಹಿತ್ಲು ಅಥವಾ ತಣ್ಣೀರುಬಾವಿಗಾದರೆ ಮೂರನೆಯದನ್ನು ನೋಡಬೇಕು.

ಈ ಬುಲೆಟಿನ್‌ಗಳಲ್ಲಿ ಬೆಳಗ್ಗೆ 5:30, ಬೆಳಗ್ಗೆ 11:30, ಸಂಜೆ 5:30, ರಾತ್ರಿ 11:30 ಎಂಬ ಸಮಯಗಳು ಮತ್ತೆ ಮತ್ತೆ ಬರುತ್ತವೆ. ಅಲೆಗಳು ಸರಿಯಾಗಿ ರಾತ್ರಿ 11:30ಕ್ಕೆ ನಿಂತುಬಿಡುತ್ತವೆ ಎಂದು ಇದರ ಅರ್ಥವಲ್ಲ. ಜಗತ್ತಿನೆಲ್ಲೆಡೆ ಹವಾಮಾನದ ಲೆಕ್ಕ ನಡೆಯುವುದು ಅಂತಾರಾಷ್ಟ್ರೀಯ ಸಮಯದ ಪ್ರಕಾರ 0, 6, 12 ಮತ್ತು 18 ಗಂಟೆಗೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಈ ಸಮಯಗಳು ಬರುತ್ತವೆ. ಆದ್ದರಿಂದ ಎಚ್ಚರಿಕೆಯ ಅವಧಿ ಮುಗಿದ ಬೆನ್ನಲ್ಲೇ ನೀರಿಗಿಳಿಯದೆ, ಮುಂದಿನ ಬುಲೆಟಿನ್ ಬಂದಿದೆಯೇ ಎಂದು ನೋಡಿ. ವಿದೇಶಿ ಸರ್ಫಿಂಗ್ ಆ್ಯಪ್ ಬಳಸುವವರು ಅದು ತೋರಿಸುತ್ತಿರುವುದು ಭಾರತೀಯ ಸಮಯವೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಉಬ್ಬರದ ಜಾಗದಲ್ಲಿ ಇಳಿತ ಬಂದಿರುತ್ತದೆ.

'ಅಲೆಯ ಎತ್ತರ 2 ಮೀಟರ್' ಎಂದರೆ ಏನು?

ಇದು ಎಲ್ಲ ಅಲೆಗಳ ಎತ್ತರವೂ ಅಲ್ಲ, ಅತಿ ದೊಡ್ಡ ಅಲೆಯ ಎತ್ತರವೂ ಅಲ್ಲ. ಒಂದಷ್ಟು ಹೊತ್ತು ಬಂದ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು, ಅವುಗಳ ಸರಾಸರಿಯನ್ನು ಹೇಳಲಾಗುತ್ತದೆ. ಅನುಭವಿಯೊಬ್ಬರು ದಡದಲ್ಲಿ ನಿಂತು ಕಣ್ಣಂದಾಜಿನಲ್ಲಿ ಹೇಳುವ ಎತ್ತರಕ್ಕೆ ಇದು ಹತ್ತಿರವಾಗಿರುತ್ತದೆ.

ಆದರೆ ಇದರಲ್ಲೊಂದು ಅಪಾಯ ಅಡಗಿದೆ. ಸರಾಸರಿಗಿಂತ ದೊಡ್ಡ ಅಲೆಗಳು ಬಂದೇ ಬರುತ್ತವೆ. ಹಲವು ಗಂಟೆಗಳ ಅವಧಿಯಲ್ಲಿ ಮುನ್ಸೂಚನೆಯ ಎತ್ತರದ ಸುಮಾರು ಎರಡು ಪಟ್ಟು ಎತ್ತರದ ಅಲೆಯೊಂದು ಬರುವ ಸಾಧ್ಯತೆ ಇರುತ್ತದೆ. ಅಂದರೆ 2 ಮೀಟರ್ ಎಂದಿರುವ ದಿನ 4 ಮೀಟರ್‌ನ ಅಲೆಯೂ ಬರಬಹುದು. ಬಂಡೆಯ ಮೇಲೆ ನಿಂತು ಹತ್ತು ನಿಮಿಷ ಗಮನಿಸಿ, 'ಇಲ್ಲಿಯವರೆಗೆ ನೀರು ಬರುವುದಿಲ್ಲ' ಎಂದು ಸೆಲ್ಫಿಗೆ ನಿಂತವರನ್ನು ಅಲೆ ಎಳೆದೊಯ್ಯುವುದು ಹೀಗೆಯೇ. ಸೋಮೇಶ್ವರ, ಗೋಕರ್ಣ, ಮುರುಡೇಶ್ವರದಂಥ ಬಂಡೆಗಳಿರುವ ತೀರಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಮತ್ತೊಂದು ವಿಷಯ, ಈ ಎತ್ತರ ಸಾಮಾನ್ಯವಾಗಿ ದಡದಿಂದ ದೂರದ ಆಳ ನೀರಿನದ್ದು. ಅಲೆ ದಡದ ಹತ್ತಿರ ಬಂದಾಗ, ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಮುರಿಯುತ್ತದೆ. ಒಂದು ಮೀಟರ್ ಎತ್ತರದ ಅಲೆ ಮುರಿಯುತ್ತಿದ್ದರೆ ಅಲ್ಲಿ ನೀರಿನ ಆಳ ಸುಮಾರು 1.3 ಮೀಟರ್ ಎಂದು ಅಂದಾಜಿಸಬಹುದು. ಬೋರ್ಡ್‌ನಿಂದ ತಲೆಕೆಳಗಾಗಿ ಬೀಳುವವರಿಗೆ ಈ ಲೆಕ್ಕ ಮುಖ್ಯ.

ಎತ್ತರಕ್ಕಿಂತ ಮುಖ್ಯ ಅಲೆಗಳ ನಡುವಿನ ಸಮಯ

ಮುನ್ಸೂಚನೆಯಲ್ಲಿ ಎತ್ತರದ ಪಕ್ಕದಲ್ಲಿ ಸೆಕೆಂಡ್‌ಗಳಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಒಂದು ಅಲೆಯ ತುದಿ ಹಾದುಹೋದ ಮೇಲೆ ಮತ್ತೊಂದರ ತುದಿ ಬರಲು ಬೇಕಾಗುವ ಸಮಯ ಅದು. ಇದನ್ನು ಅಲೆಯ ಅವಧಿ ಎನ್ನುತ್ತಾರೆ. ಹೊಸಬರು ಈ ಸಂಖ್ಯೆಯನ್ನು ಕಡೆಗಣಿಸುತ್ತಾರೆ, ಅನುಭವಿ ಸರ್ಫರ್‌ಗಳು ಮೊದಲು ನೋಡುವುದೇ ಇದನ್ನು.

ಅವಧಿ 5-7 ಸೆಕೆಂಡ್ ಇದ್ದರೆ ಅದು ಹತ್ತಿರದ ಗಾಳಿಯಿಂದ ಎದ್ದ ಅಲೆ. ಗಿಡ್ಡ, ಒತ್ತೊತ್ತಾಗಿ ಬರುವ ಅಲೆಗಳಿವು. 12 ಸೆಕೆಂಡ್ ದಾಟಿದರೆ ಅದು ಬಹಳ ದೂರದ ಬಿರುಗಾಳಿಯಿಂದ ಹುಟ್ಟಿ ಬಂದ ಉದ್ದನೆಯ ಅಲೆ. ಇದಕ್ಕೆ ಸ್ವೆಲ್ ಎಂದು ಹೆಸರು.

ಅವಧಿ ಹೆಚ್ಚಿದಂತೆ ಅಲೆಯ ಉದ್ದವೂ ವೇಗವೂ ಹೆಚ್ಚುತ್ತದೆ. ಆಳ ಸಮುದ್ರದಲ್ಲಿ 6 ಸೆಕೆಂಡ್‌ನ ಅಲೆಯ ಒಂದು ತುದಿಯಿಂದ ಮತ್ತೊಂದು ತುದಿಗೆ ಸುಮಾರು 56 ಮೀಟರ್ ಅಂತರವಿದ್ದರೆ, 15 ಸೆಕೆಂಡ್‌ನ ಅಲೆಗೆ ಸುಮಾರು 350 ಮೀಟರ್ ಅಂತರವಿರುತ್ತದೆ. ಅಷ್ಟೊಂದು ನೀರು ಒಂದೇ ಅಲೆಯಾಗಿ ದಡಕ್ಕೆ ಬರುತ್ತದೆ. ಉದಾಹರಣೆಗೆ, ಎರಡು ದಿನವೂ ಅಲೆಯ ಎತ್ತರ 1.5 ಮೀಟರ್ ಎಂದಿಟ್ಟುಕೊಳ್ಳಿ. ಒಂದು ದಿನ ಅವಧಿ 7 ಸೆಕೆಂಡ್, ಮತ್ತೊಂದು ದಿನ 15 ಸೆಕೆಂಡ್. ಎರಡನೇ ದಿನ ದಡಕ್ಕೆ ಬಂದು ಅಪ್ಪಳಿಸುವ ಶಕ್ತಿ ಮೊದಲ ದಿನದ ಎರಡು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ, ಉದ್ದನೆಯ ಅಲೆ ದಡ ಸಮೀಪಿಸಿದಾಗ ಇನ್ನಷ್ಟು ಎತ್ತರಕ್ಕೇಳುತ್ತದೆ.

ಅವಧಿ ಹೆಚ್ಚಿರುವ ದಿನ ಮತ್ತೊಂದು ಮೋಸವಿದೆ. ಇಂಥ ಅಲೆಗಳು ಗುಂಪಾಗಿ ಬರುತ್ತವೆ. ಕೆಲವು ದೊಡ್ಡ ಅಲೆಗಳು ಬಂದ ಮೇಲೆ ಹಲವು ನಿಮಿಷ ಸಮುದ್ರ ಶಾಂತವಾಗಿ ಕಾಣಬಹುದು. ಆ ಬಿಡುವಿನಲ್ಲಿ ನೀರಿಗಿಳಿದವರ ಮೇಲೆ ಮುಂದಿನ ಗುಂಪು ಬಂದೆರಗುತ್ತದೆ. ಅದಕ್ಕಾಗಿಯೇ ನೀರಿಗಿಳಿಯುವ ಮೊದಲು ಕನಿಷ್ಠ 15-20 ನಿಮಿಷ ದಡದಲ್ಲಿ ನಿಂತು ನೋಡಬೇಕು ಎಂದು ತರಬೇತುದಾರರು ಹೇಳುತ್ತಾರೆ.

ಸದ್ದಿಲ್ಲದೆ ಬರುವ 'ಕಳ್ಳಕ್ಕಡಲ್'

ಬಿಸಿಲಿದ್ದು, ಗಾಳಿಯೂ ಇಲ್ಲದ ದಿನ ಸಮುದ್ರ ದಿಢೀರ್ ಉಕ್ಕಿ ಮನೆಗಳಿಗೆ ನುಗ್ಗುವುದನ್ನು ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂಬ ಈ ಮಾತು ಕನ್ನಡಿಗರಿಗೂ ವಿವರಣೆಯಿಲ್ಲದೆ ಅರ್ಥವಾಗುತ್ತದೆ. 2012ರಲ್ಲಿ ಯುನೆಸ್ಕೋ ಈ ಪದವನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು.

ಇದರ ಮೂಲ ನಮ್ಮಿಂದ ಸಾವಿರಾರು ಕಿ.ಮೀ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಬಲವಾದ ಬಿರುಗಾಳಿ ಹಲವು ದಿನ ಬೀಸಿದಾಗ ಉದ್ದನೆಯ ಅಲೆಗಳು ಹುಟ್ಟಿ ಉತ್ತರದತ್ತ ಹೊರಡುತ್ತವೆ. 15 ಸೆಕೆಂಡ್ ಅವಧಿಯ ಅಲೆಗಳ ಗುಂಪು ದಿನಕ್ಕೆ ಸುಮಾರು 1,000 ಕಿ.ಮೀ. ಕ್ರಮಿಸುತ್ತದೆ. ಬಿರುಗಾಳಿ ಅಲ್ಲೇ ಶಮನಗೊಂಡ ಕೆಲವು ದಿನಗಳ ನಂತರ ಅಲೆಗಳು ನಮ್ಮ ದಡ ಮುಟ್ಟುತ್ತವೆ. ಆಗ ಇಲ್ಲಿ ಮೋಡವೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ. ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ ಇದು ಹೆಚ್ಚು. ಅದು ನಮ್ಮಲ್ಲಿ ಬೇಸಿಗೆ ರಜೆಯ, ಬೀಚ್‌ಗಳು ತುಂಬಿ ತುಳುಕುವ ಸಮಯವೂ ಹೌದು.

ಅಲೆಗಳು ದಾರಿಯಲ್ಲಿರುವ ಈ ದಿನಗಳೇ ಮುನ್ಸೂಚನೆಗೆ ಸಿಗುವ ಕಾಲಾವಕಾಶ. ಇನ್‌ಕಾಯಿಸ್ 2020ರಿಂದ ಇದಕ್ಕಾಗಿ ಪ್ರತ್ಯೇಕ ಮುನ್ಸೂಚನೆ ನೀಡುತ್ತಿದೆ. ಬುಲೆಟಿನ್‌ನಲ್ಲಿ 'ಕಳ್ಳಕ್ಕಡಲ್' ಅಥವಾ 'ಸ್ವೆಲ್ ಸರ್ಜ್' ಎಂಬ ಪದ ಕಂಡರೆ ಆ ದಿನ ಬಿಸಿಲು ನೋಡಿ ಮೋಸಹೋಗಬೇಡಿ. ಉಬ್ಬರದ ಹೊತ್ತಿನಲ್ಲಿ ಇದರ ಹೊಡೆತ ಇನ್ನೂ ಹೆಚ್ಚು.

ಉಬ್ಬರ-ಇಳಿತಕ್ಕೆ ಪಂಚಾಂಗವೂ ಸಾಕು

ಕರ್ನಾಟಕ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದು ಬೆಳಗ್ಗೆ 8ಕ್ಕೆ ಉಬ್ಬರವಿದ್ದರೆ ನಾಳೆ ಅದು 8:50ರ ಸುಮಾರಿಗೆ ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂಬುದನ್ನು ನೆನಪಿಟ್ಟರೆ, ಒಂದು ದಿನದ ಸಮಯ ತಿಳಿದವರು ವಾರದ ಲೆಕ್ಕವನ್ನು ಅಂದಾಜಿಸಬಹುದು. ಒಂದೇ ದಿನದ ಎರಡು ಉಬ್ಬರಗಳು ಒಂದೇ ಎತ್ತರದವಾಗಿರುವುದಿಲ್ಲ. ಆದ್ದರಿಂದ ಕೋಷ್ಟಕದಲ್ಲಿ ಸಮಯದ ಜೊತೆ ಎತ್ತರವನ್ನೂ ನೋಡಬೇಕು.

ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ನಂತರದ ಒಂದೆರಡು ದಿನ ಉಬ್ಬರ ಅತಿ ಹೆಚ್ಚು, ಇಳಿತ ಅತಿ ಕಡಿಮೆ ಮಟ್ಟಕ್ಕೆ ಹೋಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ಕಡಿಮೆ. ಒಂದೇ ಊರಿನಲ್ಲಿ ಒಂದೇ ತಿಥಿಗೆ ಉಬ್ಬರ ಬರುವ ವೇಳೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕಡಲ ಮಕ್ಕಳಾದ ಮೊಗವೀರರು, ಖಾರ್ವಿಗಳು ಮುದ್ರಿತ ಕೋಷ್ಟಕವಿಲ್ಲದೆಯೂ ಚಂದ್ರನನ್ನು ನೋಡಿ ನೀರಿನ ಹೊತ್ತು ಹೇಳುವುದರ ಹಿಂದಿರುವ ಲೆಕ್ಕ ಇದೇ. ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿದರೆ ನೀವು ಹೋಗುವ ದಿನ ನೀರಿನ ಏರಿಳಿತ ದೊಡ್ಡದೇ, ಸಣ್ಣದೇ ಎಂಬುದು ತಿಳಿಯುತ್ತದೆ.

ಗುಜರಾತ್‌ನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ-ಇಳಿತದ ವ್ಯತ್ಯಾಸ 10 ಮೀಟರ್ ಆಸುಪಾಸಿಗೆ ಹೋಗುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಮಂಗಳೂರಿನ ಕಡೆ ದೊಡ್ಡ ಉಬ್ಬರದ ದಿನಗಳಲ್ಲೂ ಒಂದೂವರೆ ಮೀಟರ್ ಆಸುಪಾಸು, ಕಾರವಾರದ ಕಡೆ ಇನ್ನು ಸ್ವಲ್ಪ ಹೆಚ್ಚು. ಆದರೆ ಇಳಿಜಾರು ಕಡಿಮೆ ಇರುವ ಮರಳು ತೀರದಲ್ಲಿ ಒಂದು ಮೀಟರ್ ಏರಿಕೆಯೂ ನೀರನ್ನು ಹತ್ತಾರು ಮೀಟರ್ ಒಳಕ್ಕೆ ತರುತ್ತದೆ. ಮಳೆಗಾಲದಲ್ಲಿ ದೊಡ್ಡ ಅಲೆ ಮತ್ತು ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರ ಒಟ್ಟಿಗೆ ಬಂದಾಗಲೇ ಉಳ್ಳಾಲ, ಮರವಂತೆಯಂಥ ಕಡೆ ಕಡಲ್ಕೊರೆತ ಜೋರಾಗುವುದು.

ಏರಿಕೆ ಇಡೀ ಆರು ಗಂಟೆ ಒಂದೇ ವೇಗದಲ್ಲಿ ಆಗುವುದಿಲ್ಲ. ಇದಕ್ಕೊಂದು ಸರಳ ಲೆಕ್ಕವಿದೆ. ಒಟ್ಟು ಏರಿಕೆ 1.2 ಮೀಟರ್ ಎಂದರೆ ಮೊದಲ ಗಂಟೆಯಲ್ಲಿ 10 ಸೆಂ.ಮೀ., ಎರಡನೇ ಗಂಟೆಯಲ್ಲಿ 20, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ತಲಾ 30, ಐದನೆಯದರಲ್ಲಿ 20, ಆರನೆಯದರಲ್ಲಿ 10 ಸೆಂ.ಮೀ. ನೀರು ಏರುತ್ತದೆ. ಅಂದರೆ ಅರ್ಧದಷ್ಟು ಏರಿಕೆ ನಡುವಿನ ಎರಡು ಗಂಟೆಗಳಲ್ಲೇ ಆಗಿಬಿಡುತ್ತದೆ. ಇಳಿತದ ವೇಳೆ ಬಂಡೆ ದಾಟಿ ಪಕ್ಕದ ಸಣ್ಣ ಬೀಚ್‌ಗೆ ನಡೆದುಹೋದವರು ಹಿಂದಿರುಗಲಾಗದೆ ಸಿಕ್ಕಿಬೀಳುವುದು ಈ ಎರಡು ಗಂಟೆಗಳಲ್ಲಿ.

ಕೋಷ್ಟಕದಲ್ಲಿ 'ಇಳಿತ 0.3 ಮೀಟರ್' ಎಂದಿದ್ದರೆ ಬೀಚ್‌ನಲ್ಲಿ ನೀರು ಅಷ್ಟೇ ಆಳ ಎಂದಲ್ಲ. ಆ ಬಂದರಿಗೆ ನಿಗದಿಪಡಿಸಿದ ಒಂದು ಕನಿಷ್ಠ ಮಟ್ಟದಿಂದ ಅಳೆದ ಎತ್ತರವದು.

ಅಳಿವೆಗಳಲ್ಲಿ ಎರಡು ಪಟ್ಟು ಎಚ್ಚರ

ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಉಬ್ಬರ-ಇಳಿತಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಮೂಲ್ಕಿ-ಸಸಿಹಿತ್ಲು ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ನದಿಗಳು ತಂದು ಹಾಕುವ ಮರಳಿನ ದಿಬ್ಬಗಳ ಮೇಲೆ ಅಲೆ ಅಂದವಾಗಿ ಮುರಿಯುವುದರಿಂದಲೇ ಅದು ಸರ್ಫಿಂಗ್‌ಗೆ ಹೆಸರಾಗಿದೆ. ಆದರೆ ಇಳಿತ ಶುರುವಾದಾಗ ಉಬ್ಬರದಲ್ಲಿ ಒಳಗೆ ಬಂದಿದ್ದ ನೀರು, ನದಿಯ ನೀರು ಎರಡೂ ಸೇರಿ ಕಿರಿದಾದ ಬಾಯಿಯ ಮೂಲಕ ಸಮುದ್ರಕ್ಕೆ ನುಗ್ಗುತ್ತವೆ. ಎದುರಿನಿಂದ ಬರುವ ಅಲೆ ಈ ಹರಿವಿಗೆ ಡಿಕ್ಕಿಯಾಗಿ ಕಡಿದಾಗಿ ಎದ್ದು ಮುರಿಯುತ್ತದೆ. ಮೀನುಗಾರಿಕೆ ದೋಣಿಗಳು ಅಳಿವೆ ಬಾಗಿಲಲ್ಲಿ ಮಗುಚಲು ಇದು ಪ್ರಮುಖ ಕಾರಣ. ಮಳೆಗಾಲದ ನಂತರ ದಿಬ್ಬಗಳ ಜಾಗವೂ ಬದಲಾಗುವುದರಿಂದ, ಹೋದ ವರ್ಷದ ನೆನಪಿನ ಮೇಲೆ ನೀರಿಗಿಳಿಯುವಂತಿಲ್ಲ.

ಬೆಳಗಿನ ಗಾಳಿ ಬೇರೆ, ಮಧ್ಯಾಹ್ನದ ಗಾಳಿ ಬೇರೆ

ಮಳೆಗಾಲ ಹೊರತುಪಡಿಸಿ ಉಳಿದ ದಿನಗಳಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಪಶ್ಚಿಮಕ್ಕೆ ಮುಖ ಮಾಡಿರುವ ನಮ್ಮ ಕರಾವಳಿಗೆ ಇದು ಪೂರ್ವದ ಗಾಳಿ. ಈ ಭೂಗಾಳಿ ಅಲೆಯ ಮುಖಕ್ಕೆ ಎದುರಾಗಿ ಬೀಸಿ ಅದನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತದೆ, ನೀರಿನ ಮೇಲ್ಮೈ ನಯವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಕಡಲಗಾಳಿ ಅಲೆಗಳನ್ನು ಚದುರಿಸಿ ಕಲಕುತ್ತದೆ. ಸರ್ಫಿಂಗ್ ತರಗತಿಗಳು ಬೆಳಗ್ಗೆ 6ರಿಂದ 9ರ ಒಳಗೆ ನಡೆಯಲು ಇದೇ ಕಾರಣ.

ಭೂಗಾಳಿಯಲ್ಲೂ ಅಪಾಯವಿದೆ. ಗಾಳಿ ತುಂಬಿದ ಟ್ಯೂಬ್, ಮಕ್ಕಳ ತೇಲುವ ಆಟಿಕೆ ಅಥವಾ ನಿಂತು ಹುಟ್ಟು ಹಾಕುವ ಬೋರ್ಡ್‌ಗಳನ್ನು ಅದು ಸದ್ದಿಲ್ಲದೆ ದಡದಿಂದ ದೂರಕ್ಕೆ ತಳ್ಳುತ್ತದೆ.

ಗಾಳಿಯ ದಿಕ್ಕು ಹೇಳುವಾಗ ಅದು ಎಲ್ಲಿಂದ ಬೀಸುತ್ತಿದೆ ಎಂದು ಹೇಳಲಾಗುತ್ತದೆ. ಅಲೆಗೂ ಹಾಗೆಯೇ. ಆದರೆ ಸಮುದ್ರದ ಪ್ರವಾಹಕ್ಕೆ ಅದು ಎತ್ತ ಹೋಗುತ್ತಿದೆ ಎಂಬ ದಿಕ್ಕು ಹೇಳುತ್ತಾರೆ. ವೇಗ ನಾಟ್‌ನಲ್ಲಿದ್ದರೆ ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. 'ಗಂಟೆಗೆ 35ರಿಂದ 45 ಕಿ.ಮೀ. ವೇಗದ ಗಾಳಿ, ಮೀನುಗಾರರು ಸಮುದ್ರಕ್ಕಿಳಿಯಬಾರದು' ಎಂಬ ಸೂಚನೆ ಇರುವ ದಿನ ಸರ್ಫರ್‌ಗಳೂ ದಡದಲ್ಲೇ ಇರಬೇಕು.

ಕಾಲು ಎಳೆಯುವ ಸೆಳೆತ: ಗುರುತಿಸುವುದು ಹೇಗೆ?

ಬೀಚ್‌ಗಳಲ್ಲಿ ಹೆಚ್ಚು ಜೀವ ತೆಗೆಯುವುದು ರಿಪ್ ಕರೆಂಟ್ ಎನ್ನುವ ಸೆಳೆತ. ಅಲೆಗಳು ದಡಕ್ಕೆ ತಂದ ನೀರು ಹಿಂದಕ್ಕೆ ಹೋಗಲೇಬೇಕು. ಮರಳು ದಿಬ್ಬಗಳ ನಡುವೆ ಆಳವಾದ ಕಾಲುವೆಯಂಥ ಜಾಗವಿದ್ದರೆ ಆ ನೀರೆಲ್ಲ ಅಲ್ಲಿಂದಲೇ ಹೊರಹೋಗುತ್ತದೆ. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಒಲಿಂಪಿಕ್ಸ್‌ನ 100 ಮೀಟರ್ ಈಜುಗಾರರ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಎರಡೂ ಬದಿ ಅಲೆಗಳು ಬಿಳಿ ನೊರೆಯಾಗಿ ಮುರಿಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಮುರಿಯದೆ ನೀರು ಗಾಢ ಬಣ್ಣದಲ್ಲಿ ಕಂಡರೆ ಅದೇ ಸೆಳೆತದ ಜಾಗ. ನೊರೆ, ಕಸ ಅಥವಾ ಕದಡಿದ ಮರಳು ಸಮುದ್ರದತ್ತ ಸಾಗುತ್ತಿರುವುದು ಮತ್ತೊಂದು ಗುರುತು. ಅಲೆಯಿಲ್ಲದ ಆ ಜಾಗವೇ ಸುರಕ್ಷಿತವೆಂದು ಭಾವಿಸಿ ಪ್ರವಾಸಿಗರು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ನೀರು ಕಡಿಮೆಯಾಗುತ್ತಾ ಹೋದಂತೆ, ಅಂದರೆ ಇಳಿತದ ಹೊತ್ತಿನಲ್ಲಿ, ಸೆಳೆತ ಸಾಮಾನ್ಯವಾಗಿ ಬಲಗೊಳ್ಳುತ್ತದೆ. ಅಲೆ ಒಂದು ಮೀಟರ್‌ಗಿಂತ ಕಡಿಮೆ ಇರುವ ದಿನವೂ ಇದು ಉಂಟಾಗಬಹುದು.

ಸೆಳೆತಕ್ಕೆ ಸಿಲುಕಿದರೆ ದಡದತ್ತ ನೇರವಾಗಿ ಈಜಬೇಡಿ. ಸುಸ್ತಾಗಿ ಮುಳುಗುವವರು ಹೆಚ್ಚಾಗಿ ಹೀಗೆ ಈಜಿದವರೇ. ಸೆಳೆತ ನೀರಿನ ಅಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಂಗಾತ ತೇಲುತ್ತಾ ಉಸಿರು ಕಾಪಾಡಿಕೊಳ್ಳಿ, ಕೈ ಎತ್ತಿ ಸಹಾಯ ಕೇಳಿ. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ಅಲ್ಲಿನ ಅಲೆಗಳೇ ದಡದತ್ತ ತಳ್ಳುತ್ತವೆ. ಬೋರ್ಡ್ ಇದ್ದವರು ಅದನ್ನು ಯಾವ ಕಾರಣಕ್ಕೂ ಬಿಡಬಾರದು. ದಡದಲ್ಲಿರುವವರು ಬರಿಗೈಯಲ್ಲಿ ಧುಮುಕದೆ ಹಗ್ಗ, ಖಾಲಿ ಕ್ಯಾನ್, ಟ್ಯೂಬ್‌ನಂಥ ತೇಲುವ ವಸ್ತು ಎಸೆಯಬೇಕು. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಸಮುದ್ರದಲ್ಲಿ ಸಿಲುಕಿದವರ ರಕ್ಷಣೆಗೆ ಭಾರತೀಯ ಕರಾವಳಿ ಕಾವಲು ಪಡೆಯ ಸಹಾಯವಾಣಿ ಸಂಖ್ಯೆ 1554.

ಕರ್ನಾಟಕ ಕರಾವಳಿಯಲ್ಲಿ ಯಾವಾಗ ಹೇಗಿರುತ್ತದೆ?

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅಲೆಗಳು ಬಹುತೇಕ ಒಂದೂವರೆ ಮೀಟರ್‌ಗಿಂತ ಕಡಿಮೆ. ಬೆಳಗಿನ ನೀರು ನಯವಾಗಿರುತ್ತದೆ. ಸರ್ಫಿಂಗ್ ಕಲಿಯುವವರಿಗೆ ಇದು ಸೂಕ್ತ ಕಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಗಾಗ ಅರೇಬಿಯಾ ಕಡೆಯ ಶಮಾಲ್ ಗಾಳಿಯಿಂದ ಹುಟ್ಟಿದ ಅಲೆಗಳು ವಾಯವ್ಯದಿಂದ ಬಂದು, ಶಾಂತವಾಗಿದ್ದ ಸಮುದ್ರವನ್ನು ಒಂದೆರಡು ದಿನ ಕಲಕುತ್ತವೆ.

ಮಾರ್ಚ್‌ನಿಂದ ಮೇವರೆಗೆ ದಕ್ಷಿಣದ ದೂರದ ಅಲೆಗಳು ಹೆಚ್ಚುತ್ತವೆ. ಅಲೆಯ ಅವಧಿಯ ಮೇಲೆ ಕಣ್ಣಿಡಬೇಕಾದ ತಿಂಗಳುಗಳಿವು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಹೌದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಅಪ್ಪಳಿಸದೆ ಸಮುದ್ರದಲ್ಲೇ ಉತ್ತರಕ್ಕೆ ಸಾಗಿದರೂ, ಅದರ ಅಲೆಗಳು ಮೂರೂ ಕರಾವಳಿ ಜಿಲ್ಲೆಗಳಲ್ಲಿ ಹಾನಿ ಮಾಡಿದ್ದವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಅಲೆ 3 ಮೀಟರ್ ದಾಟುವುದು ಸಾಮಾನ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ರಾಜ್ಯದಲ್ಲಿ ನಿಷೇಧವಿರುತ್ತದೆ. ಬೀಚ್‌ಗಳಲ್ಲಿ ನೀರಿಗಿಳಿಯುವುದಕ್ಕೂ ಜಿಲ್ಲಾಡಳಿತಗಳು ನಿರ್ಬಂಧ ಹೇರುತ್ತವೆ. ಮುಂಗಾರು ಇನ್ನೇನು ಬರಬೇಕು ಎನ್ನುವ ಮೇ ಕೊನೆ, ಜೂನ್ ಆರಂಭದ ದಿನಗಳು ಮಾತ್ರ ನುರಿತ ಸರ್ಫರ್‌ಗಳಿಗೆ ಅಚ್ಚುಮೆಚ್ಚು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಮೇ ಕೊನೆಯಲ್ಲಿ. 2023ರಲ್ಲಿ ಪಣಂಬೂರಿನಲ್ಲಿ, 2024ರಲ್ಲಿ ಮತ್ತೆ ಸಸಿಹಿತ್ಲುವಿನಲ್ಲಿ ನಡೆದದ್ದೂ ಇದೇ ಹೊತ್ತಿನಲ್ಲಿ. ಅಲ್ಲಿ ರಕ್ಷಣಾ ತಂಡಗಳು ಸಜ್ಜಾಗಿರುತ್ತವೆ, ಸ್ಪರ್ಧಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದವರಾಗಿರುತ್ತಾರೆ. ಅದನ್ನು ನೋಡಿ ಪ್ರವಾಸಿಗರು ಅನುಕರಿಸುವಂತಿಲ್ಲ.

ಭಾರತದಲ್ಲಿ ಸರ್ಫಿಂಗ್ ಬೇರೂರಿದ್ದೇ ಮೂಲ್ಕಿಯಲ್ಲಿ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. 'ಸರ್ಫಿಂಗ್ ಸ್ವಾಮಿ' ಎಂದೇ ಅವರು ಹೆಸರಾದರು. ಅಲ್ಲಿಂದ ಬೆಳೆದ ಈ ಕ್ರೀಡೆಯಲ್ಲಿ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು.

ಹೊರಡುವ ಮುನ್ನ ಐದು ನಿಮಿಷ: ಹೀಗೆ ಪರಿಶೀಲಿಸಿ

1. ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ಮತ್ತು ಮೀನುಗಾರರಿಗೆ ನೀಡಿದ ಸೂಚನೆ ನೋಡಿ. ಎಚ್ಚರಿಕೆ ಇದ್ದರೆ ಅಲ್ಲಿಗೇ ನಿಲ್ಲಿಸಿ.

2. ಇನ್‌ಕಾಯಿಸ್‌ನ ಅಲೆ ಎಚ್ಚರಿಕೆಯಲ್ಲಿ ನೀವು ಹೋಗುವ ತೀರದ ಹೆಸರಿದೆಯೇ, ಎಷ್ಟು ಹೊತ್ತಿನವರೆಗೆ ಎಂಬುದನ್ನು ನೋಡಿ.

3. ಅಲೆಯ ಎತ್ತರ ಮತ್ತು ಅವಧಿಯನ್ನು ಒಟ್ಟಿಗೆ ಓದಿ. ಎತ್ತರ ಒಂದು ಮೀಟರ್‌ಗಿಂತ ಕಡಿಮೆ, ಅವಧಿ 10 ಸೆಕೆಂಡ್‌ನೊಳಗೆ ಇದ್ದರೆ ಕಲಿಯುವವರಿಗೆ ಸಾಮಾನ್ಯವಾಗಿ ಅನುಕೂಲ. ಎತ್ತರ ಕಡಿಮೆಯಿದ್ದೂ ಅವಧಿ 14-15 ಸೆಕೆಂಡ್ ದಾಟಿದ್ದರೆ ತರಬೇತುದಾರರನ್ನು ಕೇಳದೆ ಇಳಿಯಬೇಡಿ.

4. ಉಬ್ಬರ-ಇಳಿತದ ಸಮಯ ಮತ್ತು ತಿಥಿ ನೋಡಿ. ನೀವು ನೀರಿನಲ್ಲಿರುವ ಹೊತ್ತಿಗೆ ನೀರು ಏರುತ್ತಿರುತ್ತದೆಯೇ, ಇಳಿಯುತ್ತಿರುತ್ತದೆಯೇ ಎಂದು ಲೆಕ್ಕ ಹಾಕಿ. ಅಳಿವೆಯ ಬಳಿಯಾದರೆ ಇಳಿತದ ಹೊತ್ತನ್ನು ತಪ್ಪಿಸಿ.

5. ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂದು ನೋಡಿ, ಅದಕ್ಕೂ ಮೊದಲೇ ಹೊರಬನ್ನಿ.

6. ಬೀಚ್ ತಲುಪಿದ ಮೇಲೆ ಜೀವರಕ್ಷಕರನ್ನು ಅಥವಾ ಸ್ಥಳೀಯ ಮೀನುಗಾರರನ್ನು ವಿಚಾರಿಸಿ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬೇಡಿ.

ಕೊನೆಯ ಅಂಶವನ್ನು ಬಿಟ್ಟರೆ ಉಳಿದೆಲ್ಲವನ್ನೂ ಮನೆಯಲ್ಲೇ ನೋಡಬಹುದು. ಆದರೆ ಕಂಪ್ಯೂಟರ್ ಮಾದರಿ ಹೇಳುವುದು ಹಲವು ಕಿ.ಮೀ. ವ್ಯಾಪ್ತಿಯ ಸಮುದ್ರದ ಸ್ಥಿತಿಯನ್ನು. ನಿನ್ನೆ ರಾತ್ರಿ ಯಾವ ಮರಳು ದಿಬ್ಬ ಒಡೆದಿದೆ, ಸೆಳೆತ ಇಂದು ಎಲ್ಲಿ ಸೇರಿಕೊಂಡಿದೆ ಎಂಬುದು ಅದಕ್ಕೆ ಕಾಣಿಸುವುದಿಲ್ಲ. ಅದನ್ನು ಬಲ್ಲವರು ಆ ದಡದಲ್ಲೇ ಬದುಕುವವರು. ಪ್ರಗತಿ ನಗರದ ಮುನ್ಸೂಚನೆ ಸರಿಯಿದ್ದರೂ, 'ಇವತ್ತು ಬೇಡ' ಎಂದು ಅಲ್ಲಿನ ಮೀನುಗಾರರೊಬ್ಬರು ಹೇಳಿದರೆ ಆ ಮಾತನ್ನು ಪಾಲಿಸಿ.